ಹಾಳೆಯಲ್ಲಿಲ್ಲದ ಉದಾಹರಣೆ

"ಇನ್ನೊಂದ್ಸಲ, ಮೇಡಂ. ಸ್ವಲ್ಪ ಮೆಲ್ಲಗೆ."

ಗಾಜಿನ ಆಚೆಯಿಂದ ಅವನ ದನಿ ಅವಳ ಹೆಡ್‌ಫೋನಿಗೆ ಬಂತು. ಅವಳು ಹಾಳೆಯನ್ನು ಮೇಜಿಗೆ ಬಡಿದಳು.

"ಮೆಲ್ಲಗೆ ಯಾಕೆ?"

"ಸಿಟ್ಟು ಕೇಳಿಸ್ತಿದೆ."

"ಕೇಳಿಸಲಿ ಅಂತಾನೇ ಓದ್ತಿರೋದು."

ಮಾತಾಡುವ ನಿಘಂಟು ತಯಾರಾಗುತ್ತಿದ್ದ ಆಫೀಸು ಅದು. ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯುವವಳು ಅವಳು, ಬರೆದದ್ದನ್ನು ಮೈಕಿನ ಮುಂದೆ ಓದುವವಳೂ ಅವಳೇ. ರೆಕಾರ್ಡಿಂಗ್ ಅವನ ಕೆಲಸ. ಬಾಯಿ ತೆರೆಯುವುದೇ ಅಪರೂಪವಾದ್ದರಿಂದ ಆಫೀಸಿನವರು ಅವನಿಗೆ 'ಸೌಂಡು' ಅಂತ ಹೆಸರಿಟ್ಟಿದ್ದರು. ಅವಳು ಓದುವಾಗ ತಡವರಿಸಿದರೆ ಅವನ ತುಟಿಯ ಒಂದು ಕೊನೆ ಮಾತ್ರ ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ಅವಳು ಕೆಲವೊಮ್ಮೆ ಬೇಕಂತಲೇ ತಡವರಿಸಿದ್ದುಂಟು. ಇವತ್ತು ಆ ಮುಖ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಕೆಂಪು ದೀಪ ಹೊತ್ತಿತು.

"ಎಕ್ಸ್‌ಪ್ಲೊರೇಶನ್. ನಾಮಪದ. ಒಂದು: ಅರಿಯದ ಜಾಗಕ್ಕೆ ಹೋಗಿ ಹುಡುಕಿ ತಿಳಿಯುವುದು, ಅನ್ವೇಷಣೆ. ಎರಡು: ಒಂದು ವಿಷಯವನ್ನು ಆಳಕ್ಕಿಳಿದು ಪರಿಶೀಲಿಸುವುದು. ಉದಾಹರಣೆ: ಆ ಮನುಷ್ಯ ಹೇಳದೆ ಕೇಳದೆ ಒಬ್ಬ ಹೆಣ್ಣಿನ ಬೀದಿಗೆ ಹೋಗಿ ಎಕ್ಸ್‌ಪ್ಲೊರೇಶನ್ ನಡೆಸಿದ."

"ಅದು ಹಾಳೆಯಲ್ಲಿಲ್ಲ."

"ಈಗ ಸೇರಿಸಿದೆ."

ದೀಪ ಆರಿತು. ಅವನು ಬಾಗಿಲು ತೆರೆದು ಒಳಗೆ ಬಂದ. "ನಿಮ್ಮ ಬೀದಿ ಟೈಲರ್ ಹೇಳಿದ್ರಾ?"

"ಬೀದಿಗೆಲ್ಲ ಹೇಳಿದ್ದಾನೆ! ಬಟ್ಟೆ ಹೊಲಿಸೋಕೆ ಹೋದ ನಮ್ಮ ಚಿಕ್ಕಮ್ಮನ ಹತ್ರನೂ. ಕುತ್ತಿಗೇಲಿ ಹೆಡ್‌ಫೋನ್ ಹಾಕ್ಕೊಂಡಿರೋ ಸಣಕಲ ಬಂದಿದ್ದ, ನಿಶ್ಚಿತಾರ್ಥ ಯಾಕೆ ಮುರೀತು ಅಂತ ಕೇಳ್ದ ಅಂತ."

"ನೀವು ಒಂದು ವಾರ ಬರ್ಲಿಲ್ಲ. ಫೋನೂ ಎತ್ತಲಿಲ್ಲ. ಹುಷಾರಾಗಿದ್ದಾರಾ ಅಂತ ಕೇಳೋಕೆ ಹೋದೆ."

"ಮಿಕ್ಕಿದ್ದು?"

"ನಿಶ್ಚಿತಾರ್ಥದ ಮಾತು ಅವರೇ ತೆಗೆದ್ರು." ಅವನು ನೆಲ ನೋಡಿದ. "ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಮುರೀತು ಅಂತ ನಾನೇ ಕೇಳಿದೆ."

ಸುಳ್ಳು ಹೇಳಿದ್ದರೆ ಬಯ್ದು ಎದ್ದು ಹೋಗಬಹುದಿತ್ತು. ನಿಜ ಒಪ್ಪಿಕೊಂಡುಬಿಟ್ಟ. ಅವಳ ಸಿಟ್ಟು ಇನ್ನೂ ನೆತ್ತಿಗೇರಿತು.

"ಎಕ್ಸ್‌ಪ್ಲೊರೇಶನ್ನಿಗೆ ಹೊರಟವನಿಗೆ ಮುಂದೇನು ಸಿಗುತ್ತೆ ಅಂತ ಗೊತ್ತಿರಲ್ಲ. ಇನ್ವೆಸ್ಟಿಗೇಶನ್ ಹಾಗಲ್ಲ. ಏನೋ ತಪ್ಪು ನಡೆದಿದೆ ಅಂತ ಮೊದಲೇ ಅನುಮಾನ ಇಟ್ಕೊಂಡು ಹುಡುಕೋದು. ನೀವು ಯಾವುದಕ್ಕೆ ಬಂದಿದ್ರಿ?"

"ಮೊದಲನೇದಕ್ಕೆ ಬಂದೆ. ಅಲ್ಲಿ ನಿಂತು ನಿಂತು ಎರಡನೇದಾಯ್ತು."

"ಗಂಡಿನ ಕಡೆಯವರೂ ಹಾಗೇ! ನಿಶ್ಚಿತಾರ್ಥ ಆದ್ಮೇಲೆ ನನ್ನ ಹಿಂದೆ ಪತ್ತೇದಾರನ್ನ ಬಿಟ್ಟಿದ್ರು. ಬಸ್ಸಲ್ಲಿ ನನ್ನ ಹಿಂದಿನ ಸೀಟಲ್ಲೇ ಕೂರ್ತಿದ್ನಂತೆ ಪುಣ್ಯಾತ್ಮ. ಶನಿವಾರ ಶನಿವಾರ ಯಾರ ಮನೆಗೆ ಹೋಗ್ತೀನಿ ಅಂತ ಕಂಡುಹಿಡಿದ." ಅವಳು ಹಾಳೆಯನ್ನು ಮುದುರಿದಳು. "ಅದು ನಮ್ಮಮ್ಮನ ಮನೆ. ಅಪ್ಪನ್ನ ಬಿಟ್ಟು ಇನ್ನೊಬ್ಬರ ಜೊತೆ ಸಂಸಾರ ಮಾಡ್ತಿದ್ದಾಳೆ. ಅಪ್ಪ ಎಲ್ಲರಿಗೂ ಅವಳು ಸತ್ತೋದ್ಲು ಅಂತ ಹೇಳಿಟ್ಟಿದ್ದಾರೆ. ಸುಳ್ಳು ಹೇಳೋ ಮನೆ ಅಂತ ಅವರು ನಿಶ್ಚಿತಾರ್ಥ ಮುರಿದ್ರು. ಈ ವಾರ ಅಮ್ಮನಿಗೆ ಆಪರೇಷನ್ ಆಯ್ತು. ನಾನು ಆಸ್ಪತ್ರೇಲಿ ಅವಳ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದೆ. ಇದನ್ನ ಹೇಳಿದ್ನಾ ಟೈಲರ್?"

"ಇಲ್ಲ. ನಿಮಗೆ ಬೇರೆ ಯಾರೋ ಇದ್ದಾರೆ ಅಂದ್ರು."

"ನಂಬಿದ್ರಾ?"

"ನಂಬಿದೆ. ಹೊಟ್ಟೆ ಉರಿದುಹೋಯ್ತು."

"ನಿಮ್ಮ ಹೊಟ್ಟೆ ಯಾಕ್ರೀ ಉರೀಬೇಕು?"

ಸೌಂಡು ತಲೆಯೆತ್ತಿದ. ಇಷ್ಟು ಹತ್ತಿರದಿಂದ ಅವನ ಕಣ್ಣುಗಳನ್ನು ಅವಳು ನೋಡಿರಲಿಲ್ಲ. ನಿದ್ದೆಗೆಟ್ಟು ಕೆಂಪಾಗಿದ್ದವು.

"ದಿನವಿಡೀ ನಿಮ್ಮ ದನಿ ನನ್ನ ಕಿವೀಲಿರುತ್ತೆ. ಮನೆಗೆ ಹೋದ್ಮೇಲೂ ಹೋಗಲ್ಲ. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಟೈಲರ್ ಮುಂದೆ ಹೋಗಿ ನಿಲ್ಲೋಕೆ ಬಂತು. ನಾಚಿಕೆ ಆಗ್ತಿದೆ."

"ಆಗಲಿ. ಚೆನ್ನಾಗಿ ಆಗಲಿ."

ಕಣ್ಣೊರೆಸಿಕೊಂಡು ಅವಳು ಚೀಲ ಹೆಗಲಿಗೇರಿಸಿದಳು. ಬಾಗಿಲ ತನಕ ಹೋದವಳು ನಿಂತಳು. "ಇನ್ಮೇಲೆ ಏನಿದ್ರೂ ನನ್ನನ್ನ ಕೇಳಿ, ಬೀದೀನ ಅಲ್ಲ. ಅಮ್ಮನ್ನ ನಿನ್ನೆ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ರು, ನೋಡೋಕೆ ಹೋಗ್ತಿದ್ದೀನಿ. ಬರೋದಾದ್ರೆ ಬನ್ನಿ. ಸಿಟ್ಟು ಇಳೀತು ಅಂದ್ಕೋಬೇಡಿ ಮತ್ತೆ."

ಬಸ್ಸಿನಲ್ಲಿ ಪಕ್ಕಪಕ್ಕ ಕೂತರು. ತಿರುವಿನಲ್ಲಿ ಅವನ ಭುಜ ತಾಗಿತು. ಅವಳು ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡಳು, ಭುಜ ಮಾತ್ರ ಸರಿಸಲಿಲ್ಲ.

ಎರಡನೇ ಮಹಡಿಯ ಪುಟ್ಟ ಮನೆ. ಬಾಗಿಲು ತೆರೆದವರು ಅಮ್ಮನ ಈಗಿನ ಸಂಗಾತಿ. ಇಬ್ಬರನ್ನೂ ಒಳಗೆ ಕೂರಿಸಿ, ಸೌಂಡಿನ ಕೈಗೆ ಟೀ ಕಪ್ಪು ಕೊಟ್ಟು ಅಡುಗೆಮನೆಗೆ ಮರಳಿದರು. ದಿಂಬಿಗೊರಗಿದ್ದ ಅಮ್ಮ ಮಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ಬಂದಾಗಿಂದ ಇವರನ್ನ ದುರುಗುಟ್ಟಿ ನೋಡ್ತಿದ್ದೀಯಲ್ಲೇ. ಅಷ್ಟು ಸಿಟ್ಟಿದ್ರೆ ಯಾಕೆ ಕರ್ಕೊಂಡು ಬಂದೆ?"

ಅವಳು ಅಮ್ಮನ ಹೊದಿಕೆ ಎಳೆದು ಸರಿಮಾಡಿದಳು. ಇನ್ನೊಮ್ಮೆ ಸರಿಮಾಡಿದಳು. ಆಮೇಲೆ ಗೋಡೆಗೆ ಹೇಳುವಂತೆ ಸಿಡುಕಿದಳು:

"ಇವರಂದ್ರೆ ನಂಗಿಷ್ಟ ಕಣಮ್ಮ. ಅದಕ್ಕೇ ಇಷ್ಟೊಂದು ಸಿಟ್ಟು."

ಸೌಂಡು ಕಪ್ಪು ಹಿಡಿದುಕೊಂಡೇ ದಡಕ್ಕನೆ ಎದ್ದ. ಟೀ ಅವನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು.

"ಮೊದಲು ಅದನ್ನ ಕೆಳಗಿಡಿ, ಅಳಿಯಂದ್ರೇ," ಅಂದರು ಅಮ್ಮ.

"ಅಮ್ಮಾ!" ಅಂತ ಕಿರುಚಿದವಳು, ಟವೆಲ್ಲು ಹುಡುಕುತ್ತಾ ಅವನತ್ತ ತಿರುಗಿ, ನಕ್ಕುಬಿಟ್ಟಳು.