ಹೊಸ್ತಿಲಾಚೆಯ ಹುಳಿಹಿಟ್ಟು

"ನಿಲ್ರೀ! ಬಾಗಿಲು ಕೂರಿಸದೆ ಎಲ್ಲಿಗೆ ಹೊರಟ್ರಿ?"

ಬೇಕರಿಯ ಹುಡುಗಿ ಹಿಟ್ಟು ಮೆತ್ತಿದ ಕೈಯಲ್ಲೇ ಬೀದಿಗೆ ಓಡಿ ಬಂದಿದ್ದಳು. ಹಳೆಯ ಬಾಗಿಲು ಕಳಚಿ ಗೋಡೆಗೆ ಒರಗಿತ್ತು, ಹೊಸದು ನೆಲದ ಮೇಲೆ ಮಲಗಿತ್ತು. ಬಡಗಿ ಮಾತ್ರ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಸೂರ್ಯ ಮುಳುಗ್ತಾ ಇದ್ದಾನೆ. ಸಬ್ಬತ್ ಶುರುವಾಯ್ತು. ನಾಳೆ ಸಂಜೆವರೆಗೆ ನಾನು ಕೆಲಸ ಮುಟ್ಟಲ್ಲ."

"ನೀವೇನು ಯೆಹೂದ್ಯರಾ?"

"ಅಲ್ಲ, ನಿಮ್ಮ ಹಾಗೇ ಕ್ರೈಸ್ತ. ನಿಮ್ಮ ಸಭೆಯಲ್ಲೇ ಹಿಂದಿನ ಬೆಂಚಲ್ಲಿ ಕೂರ್ತೀನಿ. ನೀವು ನೋಡಿಲ್ಲ, ಅಷ್ಟೇ."

ಹಾಗಾದರೆ ಇವನು ನೋಡಿದ್ದಾನೆ...! ಅವಳ ಸಿಟ್ಟು ಒಂದು ಕ್ಷಣ ಎಡವಿತು. ಆಮೇಲೆ ಇನ್ನೂ ಜಾಸ್ತಿಯಾಯಿತು.

"ನಮಗೆ ಭಾನುವಾರ ಸಾಲದಾ? ರಾತ್ರಿ ಅಂಗಡಿಗೆ ನಾಯಿ ನುಗ್ಗಿದ್ರೆ ಆ ಕಟ್ಟಳೆ ಕೊಟ್ಟ ಮೋಶೆ ಬಂದು ಓಡಿಸ್ತಾನಾ?"

ಅವನು ನಕ್ಕ. "ಮೋಶೆ ಬರಲ್ಲ. ನಾನಿರ್ತೀನಿ. ಕೂರೋದು ಕೆಲಸ ಅಲ್ವಲ್ಲ!"

ಬೆಳಿಗ್ಗೆ ಅವಳು ಮಹಡಿಯಿಂದ ಇಳಿದು ಬಂದಾಗ, ಅವನು ಬಾಗಿಲಿಲ್ಲದ ಹೊಸ್ತಿಲಿಗೆ ಅಡ್ಡಲಾಗಿ ಅಗುಳಿಯ ಹಾಗೆ ಕಾಲು ಚಾಚಿ ನಿದ್ದೆ ಹೋಗಿದ್ದ.

ಅವತ್ತಿಂದ ಅವಳ ಮನಸ್ಸಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಬ್ರೆಡ್ ಒಲೆಯಲ್ಲಿಟ್ಟು ಕಿಟಕಿಗೆ ಹೋಗುವಳು, ಕಿಟಕಿಯಿಂದ ಒಲೆಗೆ ಬರುವಳು. ಎಷ್ಟೋ ಬ್ರೆಡ್ಡು ಕಪ್ಪಾಯಿತು!

ಇಬ್ಬರಿಗೂ ಮದುವೆ ನಿಶ್ಚಯವೂ ಆಯಿತು. ಆದರೆ ಅವಳನ್ನು ಸಾಕಿದ ಸೋದರತ್ತೆಗೆ ಸಮಾಧಾನವಿಲ್ಲ.

"ನಮ್ಮ ಸ್ವಾಮಿ ಹಳೇ ಕಟ್ಟಳೆಯಿಂದ ನಮ್ಮನ್ನ ಬಿಡಿಸಿದ್ದು ಮತ್ತೆ ಅದನ್ನೇ ಕಟ್ಟಿಕೊಳ್ಳೋಕಾ?" ಎಂದು ಅವನ ಎದುರೇ ಕೇಳಿದಳು. "ಹಂದಿಮಾಂಸ ಬೇಡ, ಶನಿವಾರ ಕೆಲಸ ಬೇಡ... ನಾಳೆ ನಮ್ಮ ಹುಡುಗಿನೂ ಬೇಡ ಅಂತೀಯೇನಪ್ಪಾ?"

"ಸ್ವರ್ಗಕ್ಕೆ ಹೋಗೋಕೆ ನಾನು ಇದನ್ನ ಮಾಡ್ತಿಲ್ಲ ಅತ್ತೆ. ಸ್ವಾಮಿ ಹುಟ್ಟಿದ ಮನೇಲಿ ಇವೆಲ್ಲ ನಡೀತಿತ್ತು. ಅವರ ತಾಯಿ ಹೇಗೆ ಮನೆ ನಡೆಸಿದ್ರೋ, ಹಾಗೆ ಸ್ವಲ್ಪನಾದ್ರೂ ಬದುಕಿ ನೋಡ್ಬೇಕು ಅನ್ಸುತ್ತೆ."

ಅತ್ತೆ ಮೂಗು ಮುರಿದಳು. ಹುಡುಗಿ ಮಾತ್ರ ಎರಡು ದಿಕ್ಕಿಗೂ ತಲೆಯಾಡಿಸಿದಳು. ಅವಳಿಗೆ ಇಬ್ಬರದೂ ಸರಿ ಅನ್ನಿಸುತ್ತಿತ್ತು, ಅದೇ ಕಷ್ಟ.

ಆಗಲೇ ಬೇಕರಿಯ ಒಲೆ ಬಿರುಕು ಬಿಟ್ಟಿತು. ರಿಪೇರಿ ಅಂದರೆ ಮನೆಯೆಲ್ಲ ಇಟ್ಟಿಗೆ ಧೂಳು. ಅವಳಿಗೆ ಚಿಂತೆಯಾದದ್ದು ಒಂದೇ ವಸ್ತುವಿನದು: ಅಮ್ಮ ಬಿಟ್ಟುಹೋದ ಹುಳಿಹಿಟ್ಟು. ದಿನಾ ಒಂದಿಷ್ಟು ಹಿಟ್ಟು ನೀರು ಹಾಕಿದರೆ ಅದು ಬದುಕಿರುತ್ತದೆ, ಮರುದಿನದ ಬ್ರೆಡ್ಡನ್ನು ಉಬ್ಬಿಸುತ್ತದೆ. ಅಮ್ಮ ಹೋದ ಮೇಲೂ ಅಮ್ಮನ ಕೈ ಅದರೊಳಗೆ ಇದೆಯೆಂದು ಅವಳ ನಂಬಿಕೆ.

ಅದಿದ್ದ ಗಾಜಿನ ಭರಣಿಯನ್ನು ಬಡಗಿಯ ಮನೆಯ ತಂಪು ಕೋಣೆಯಲ್ಲಿಟ್ಟು ಬಂದಳು. "ಜೋಪಾನ," ಎಂದಳು.

"ನನ್ನ ಪ್ರಾಣದ ಹಾಗೆ," ಎಂದ.

ಅವಳಿಗೆ ಮರುದಿನ ಹೋಗಲಾಗಲಿಲ್ಲ. ಅದರ ಮರುದಿನ ಹೋದಾಗ ಭರಣಿ ತೊಳೆದು, ಬೋರಲು ಹಾಕಿ, ಕಿಟಕಿಯ ಬಿಸಿಲಿಗೆ ಇಟ್ಟಿತ್ತು.

ಅವಳು ಖಾಲಿ ಭರಣಿ ಎತ್ತಿಕೊಂಡಳು. "ಅಮ್ಮನ ಹಿಟ್ಟು... ಎಲ್ಲಿ?"

"ಇವತ್ತಿಂದ ಪಸ್ಕದ ವಾರ, ಹುಳಿಯಿಲ್ಲದ ರೊಟ್ಟಿ ತಿನ್ನೋ ಹಬ್ಬ. ಮನೇಲಿ ಹುಳಿಹಿಟ್ಟು ಇರಬಾರದು. ಅತ್ತೆ ನಿನಗೆ..."

"ಬಿಸಾಕಿಬಿಟ್ಟೆಯಾ?! ನಿನ್ನ ಕಟ್ಟಳೆ ಮುಂದೆ ನಮ್ಮಮ್ಮ ಕಸ ಆದ್ಲಾ? ಅತ್ತೆ ಹೇಳಿದ್ದೇ ನಿಜ. ಕಟ್ಟಳೇನೇ ಕಟ್ಕೋ, ಹೋಗು!"

ಅವಳು ಓಡಿದಳು. ಅವನು ಹಿಂದೆ ಬರಲಿಲ್ಲ. ಎಲ್ಲ ಗೊತ್ತಿದ್ದೂ ಹೀಗಂದಳಲ್ಲ, ನನ್ನ ದಾರಿಯೇ ಅವಳಿಗೆ ಬೇಡ ಅಂತಾಯ್ತು ಎಂದುಕೊಂಡ.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ! ಕೂತರೆ ಏಳಬೇಕು, ಎದ್ದರೆ ಕೂರಬೇಕು. ತಣ್ಣಗಿನ ಒಲೆಯ ಬಾಯಿ ತೆಗೆಯುವಳು, ಮುಚ್ಚುವಳು. 'ಹೊಸ್ತಿಲಲ್ಲಿ ರಾತ್ರಿಯೆಲ್ಲ ಕಾದವನು ಹೀಗೆ ಮಾಡ್ತಾನಾ...? ಮಾಡಿದನಲ್ಲ!' ಕಿಟಕಿಗೆ ಹೋಗುವಳು. ಬೀದಿ ಖಾಲಿ.

ಶುಕ್ರವಾರ ಮಧ್ಯಾಹ್ನ ಜರಡಿ ಕೇಳಲು ಹಿಂದಿನ ಓಣಿಯ ಅತ್ತೆಯ ಮನೆಗೆ ಹೋದಳು. ಅಡುಗೆಮನೆಗೆ ಕಾಲಿಟ್ಟವಳು ಹಾಗೇ ನಿಂತಳು. ಕಳಿತ ಸೇಬಿನ ಹಾಗಿನ ಹುಳಿ ವಾಸನೆ... ಲೋಕದಲ್ಲಿ ಒಂದೇ ಹಿಟ್ಟಿಗೆ ಆ ವಾಸನೆ!

ಮೂಲೆಯ ಮಡಕೆಯ ಮೇಲಿನ ಬಟ್ಟೆ ಎಳೆದಳು. ಹಿಟ್ಟು ಗುಳ್ಳೆಗುಳ್ಳೆಯಾಗಿ ಉಸಿರಾಡುತ್ತಿತ್ತು.

"ಅತ್ತೇ!"

ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಪಸ್ಕದ ವಾರ ಶುರುವಾಗೋ ಮುಂಚೆನೇ ಅವನೇ ತಂದು ಕೊಟ್ಟ ಕಣೇ. ನಿನಗೆ ಹೇಳಿ ಅಂದ. ನಾನು... ಹೇಳಲಿಲ್ಲ."

"ಯಾಕೆ?"

"ಕಟ್ಟಳೆ ಕಟ್ಟಿಕೊಂಡವನಿಗೆ ಹೆಂಡ್ತಿ ಎಲ್ಲಿ ಕಾಣ್ತಾಳೆ ಅಂತ. ಈಗಲೇ ಮುರಿದರೆ ಒಳ್ಳೇದು ಅಂದ್ಕೊಂಡೆ. ಆದ್ರೆ ನೋಡು, ದಿನಾ ಬಂದು ಹಿತ್ತಲ ಬಾಗಿಲ ಹೊರಗೇ ನಿಲ್ತಾನೆ. ಒಳಗೆ ಬರಲ್ಲ, ಹಿಟ್ಟು ಮುಟ್ಟಲ್ಲ. 'ಉಬ್ಬಿದೆಯಾ ಅತ್ತೆ? ನೀರು ಬೆಚ್ಚಗಿತ್ತಾ ಅತ್ತೆ?' ಹೆತ್ತವರು ಕೂಸಿನ ಬಗ್ಗೆ ಕೇಳೋ ಹಾಗೆ ಕೇಳ್ತಾನೆ! ನನಗೆ ಎರಡು ದಿನದಿಂದ ಅನ್ನ ಇಳೀತಿಲ್ಲ ಕಣೇ ಮಗಳೇ..."

ಹುಡುಗಿ ಬೈಯಲಿಲ್ಲ. ಬೈಯುವುದಕ್ಕೆ ಪುರುಸೊತ್ತೆಲ್ಲಿತ್ತು! ಬೇಕರಿಗೆ ಓಡಿ, ರಿಪೇರಿಯಾದ ಒಲೆಗೆ ಬೆಂಕಿ ಹಾಕಿದಳು. ಒಣ ಹಿಟ್ಟು ತೆಗೆದುಕೊಂಡಳು, ನೀರು ಹಾಕಿದಳು. ಹುಳಿ ಹಾಕದೆ ನಾದುವಾಗ ಕೈ ಅಭ್ಯಾಸಬಲದಿಂದ ಭರಣಿಯ ಜಾಗಕ್ಕೆ ಹೋಗುವುದು, ಖಾಲಿ ವಾಪಸ್ ಬರುವುದು. ಲಟ್ಟಿಸಿ ಬೇಯಿಸಿದ್ದೇ ತಡ, ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದಳು.

ಅವನು ಸೂರ್ಯನನ್ನು ನೋಡಿ ಉಳಿ ಕೆಳಗಿಡುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಅತ್ತೆ ಹೇಳಿರಲಿಲ್ಲ," ಅಂದಳು ಏದುಸಿರು ಬಿಡುತ್ತಾ. "ನಾನೂ ನಿನ್ನ ಮಾತು ಮುಗಿಯೋವರೆಗೆ ನಿಲ್ಲಲಿಲ್ಲ. ನಿನಗೂ ಬಾಯಿ ಇರಲಿಲ್ವಾ? ಹಿಂದೆ ಓಡಿ ಬರೋಕೆ ಕಾಲಿರಲಿಲ್ವಾ?"

"ಅತ್ತೆ ಹೇಳಿರ್ತಾರೆ, ಹಿಟ್ಟನ್ನ ಮನೆಯಿಂದ ಆಚೆ ಕಳಿಸಿದ್ದೇ ನಿನಗೆ ಬಿಸಾಕಿದ ಹಾಗೆ ಅಂದ್ಕೊಂಡೆ... ಇದೇನು?"

"ಹುಳಿಯಿಲ್ಲದ ರೊಟ್ಟಿ. ತಿನ್ನು."

ಅವನು ಕಚ್ಚಿದ. ಇನ್ನೊಂದು ಕಡೆಯಿಂದ ಕಚ್ಚಿದ. "ಇದಕ್ಕೆ ಉಳಿ ಬೇಕಾಗುತ್ತೆ. ಆದ್ರೆ ಈಗ ಸಬ್ಬತ್ತು!"

ಅವಳು ನಕ್ಕಳು. ನಗುತ್ತಲೇ ಅತ್ತಳು.

"ನಾನು ನಿನ್ನ ಕಟ್ಟಳೆ ಹಿಡಿಯಲ್ಲ, ಈಗಲೇ ಹೇಳ್ತೀನಿ. ಭಾನುವಾರನೇ ನನ್ನ ದಿನ."

"ಹಿಡಿ ಅಂತ ನಾನ್ಯಾವತ್ತು ಕೇಳ್ದೆ?"

"ವರ್ಷಕ್ಕೊಂದು ವಾರ ಅಮ್ಮನ ಹಿಟ್ಟು ಅತ್ತೆ ಮನೆಗೆ ಹೋಗುತ್ತೆ. ನಾನೇ ತೊಗೊಂಡು ಹೋಗ್ತೀನಿ. ಉಳಿದ ವಾರವೆಲ್ಲ ನಮ್ಮ ಕಿಟಕಿಯಲ್ಲೇ ಇರ್ಬೇಕು."

'ನಮ್ಮ' ಎಂದದ್ದನ್ನು ಅವನು ಕೇಳಿಸಿಕೊಂಡ. ಮರದ ಪುಡಿ ಮೆತ್ತಿದ ಕೈಯಿಂದ ಅವಳ ಹಿಟ್ಟಿನ ಕೈ ಹಿಡಿದ.

ಬಿಸಿಲು ಗೋಡೆಯಿಂದ ಜಾರಿತು.

"ಮುಂದೆ ಯಾವತ್ತಾದ್ರೂ ಶುಕ್ರವಾರ ಸಂಜೆ ನನ್ನ ಬಾಗಿಲು ಅರ್ಧಕ್ಕೆ ಬಿಟ್ರೆ?" ಮೆಲ್ಲಗೆ ಕೇಳಿದಳು.

"ಹೊಸ್ತಿಲಲ್ಲಿ ನಾನಿರ್ತೀನಲ್ಲ."