ಡಬ್ಬಿಯೊಳಗಿನ ಹೆಬ್ಬೆರಳು

ಫೈನಲ್‌ಗೆ ಇನ್ನೊಂದೇ ಗಂಟೆ ಉಳಿದಿರುವಾಗ ವಿಡಿಯೋ ಗೇಮ್ ಪಂದ್ಯಾವಳಿಯ ಸಭಾಂಗಣದ ದೊಡ್ಡ ಪರದೆಯ ಮೇಲೆ ಸೂಜಿ ಎಂಬ ಹೆಸರು ಕೆಂಪು ಅಕ್ಷರದಲ್ಲಿ ಬಂತು. ಕೆಳಗೆ ಒಂದು ಸಾಲು: ಮೋಸದ ಡಬ್ಬಿ ಬಳಸಿದ ಅನುಮಾನ, ವಿಚಾರಣೆ ನಡೆಯುತ್ತಿದೆ.

ಮೂಲೆಯಲ್ಲಿ ಕಂಟ್ರೋಲರ್ ರಿಪೇರಿಯ ಮೇಜಿನ ಹಿಂದೆ ಕೂತಿದ್ದವನ ಎದೆ ಧಸಕ್ಕೆಂದಿತು. ಅನ್ನದೆ ಏನು ಮಾಡೀತು? ಆ ಡಬ್ಬಿ ಮಾಡಿದ ಪುಣ್ಯಾತ್ಮ ಅವನೇ.

ಡಬ್ಬಿ ಎಂದರೆ ದೊಡ್ಡ ಯಂತ್ರವೇನಲ್ಲ, ಬೆಂಕಿಪೊಟ್ಟಣದಷ್ಟು. ಈ ಆಟದಲ್ಲಿ ಗುಂಡು ಹಾರಿಸಿದಷ್ಟೂ ಬಂದೂಕಿನ ಮೂತಿ ಮೇಲಕ್ಕೆ ಜಿಗಿಯುತ್ತದೆ. ಆಡುವವರು ಕೈಯಲ್ಲಿ ಹಿಡಿದ ಕಂಟ್ರೋಲರಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಅದನ್ನು ಹತೋಟಿಯಲ್ಲಿಡಬೇಕು. ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುವ ವಿದ್ಯೆ ಅದು. ಡಬ್ಬಿಯನ್ನು ಆಟ ಓಡಿಸುವ ಕನ್ಸೋಲಿಗೂ ಕಂಟ್ರೋಲರಿಗೂ ನಡುವೆ ಸಿಕ್ಕಿಸಿದರೆ ಆ ಕೆಲಸವನ್ನು ಅದೇ ಮಾಡುತ್ತದೆ. ಆಡುವವನು ಆಕಳಿಸುತ್ತಾ ಕೂತರೂ ಗುರಿ ತಪ್ಪುವುದಿಲ್ಲ.

ಸೂಜಿ ಎನ್ನುವುದು ಅವಳ ಆಟದ ಹೆಸರು. ದಿನವಿಡೀ ಅತ್ತಿಗೆಯ ಟೈಲರಿಂಗ್ ಅಂಗಡಿಯಲ್ಲಿ ಹೊಲಿಗೆ, ಬಿಡುವಾದರೆ ಕನ್ಸೋಲು. ಹೋದ ವರ್ಷ ಒಂದು ಮಧ್ಯಾಹ್ನ ಇದೇ ರಿಪೇರಿಯವನ ಅಂಗಡಿಗೆ ಬಂದು ಕಂಟ್ರೋಲರನ್ನು ಟಪ್ಪೆಂದು ಮೇಜಿನ ಮೇಲಿಟ್ಟಿದ್ದಳು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು.

“ಕಡ್ಡಿ ಅಂಟ್ಕೊಳ್ತಿದೆ.”

“ಬೆರಳಿಗೇನಾಯ್ತು?”

“ಮಷಿನ್ ಸೂಜಿ ತೂರಿತು. ನೀವು ಕಡ್ಡಿ ನೋಡಿ, ಬೆರಳು ನೋಡ್ಬೇಡಿ.”

ಅವನು ಎರಡನ್ನೂ ನೋಡಿದ. ಕಡ್ಡಿ ಸರಿಮಾಡಿ, ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, “ಸ್ವಲ್ಪ ಆಡಿ ತೋರಿಸಿ, ಸರಿಯಾಗಿದೆಯಾ ನೋಡೋಣ” ಎಂದ. ಅವಳು ಹತ್ತು ನಿಮಿಷ ಆಡಿದಳು. ಅವಳ ಹೆಬ್ಬೆರಳಿನ ಒಂದೊಂದು ಚಲನೆಯೂ ಪರದೆಯ ಮೇಲೆ ಗೆರೆಯಾಗಿ ಬರುತ್ತಿತ್ತು.

ಎಲ್ಲರೂ ಕಡ್ಡಿಯನ್ನು ಒಂದೇ ಸಲಕ್ಕೆ ಎಳೆದುಬಿಡುತ್ತಾರೆ. ಇವಳದು ಮೂರು ಸಣ್ಣ ಎಳೆತ, ಆಮೇಲೆ ಒಂದು ಉದ್ದ ಎಳೆತ. ಸೂಜಿಯ ಕೆಳಗೆ ಬಟ್ಟೆ ಸರಿಸುವ ರೀತಿ. ಸಾವಿರ ಕಂಟ್ರೋಲರ್ ಬಿಚ್ಚಿದವನು ಇಂಥ ಕೈ ಕಂಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತ.

“ಹೇಗಿದೆ?” ಎಂದಳು.

“ತುಂಬಾ ಚೆನ್ನಾಗಿದೆ.”

“ಕಡ್ಡಿ ತಾನೇ?”

ಅವನ ಕಿವಿ ಕೆಂಪಾಯಿತು. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು, ನಗು ಮಾತ್ರ ಈ ಕಡೆಯೇ ಉಳಿಯಿತು.

ಅವಳು ಹೋದ ಮೇಲೆ ಆ ಗೆರೆಗಳನ್ನು ಅಳಿಸಬೇಕಿತ್ತು. ಅಳಿಸಲಿಲ್ಲ. ನೋಡಿಕೊಳ್ಳೋಣ ಎಂದು ಇಟ್ಟುಕೊಂಡ, ಅಷ್ಟೇ. ಅಂದಿನಿಂದ ಅವಳ ಕಂಟ್ರೋಲರಿನಲ್ಲಿ ಬೇಕೆಂದೇ ಒಂದು ಸ್ಕ್ರೂ ಸಡಿಲ ಬಿಡತೊಡಗಿದ, ವಾರಕ್ಕೊಮ್ಮೆ ಅವಳು ಬರಲಿ ಎಂದು. ಅವಳು ಮನೆಯಲ್ಲಿ ಆ ಸ್ಕ್ರೂ ಬಿಗಿ ಮಾಡಿಕೊಂಡು ಆಡಿ, ಬರುವ ದಿನ ಮತ್ತೆ ಸಡಿಲಿಸಿಕೊಂಡು ಬರುತ್ತಿದ್ದಳು. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ.

ಎಡವಿದ್ದು ಆಮೇಲೆ. ಅವನು ಮಾರುತ್ತಿದ್ದ ಡಬ್ಬಿಗಳೆಲ್ಲ ಸಿಕ್ಕಿಬೀಳತೊಡಗಿದ್ದವು. ಯಂತ್ರದ ಎಳೆತ ತೀರಾ ನೇರ, ಯಾರು ನೋಡಿದರೂ ಇದು ಮನುಷ್ಯನ ಕೈಯಲ್ಲ ಎನ್ನುತ್ತಾರೆ. ಮನುಷ್ಯನ ಕೈಯೊಂದು ಅವನ ಬಳಿ ಇತ್ತು. ಅವಳ ಗೆರೆಗಳನ್ನು ಒಂದು ಡಬ್ಬಿಗೆ ತುಂಬಿದ, ಯಾರಿಗೂ ಗುಮಾನಿ ಬರಲಿಲ್ಲ. ಇನ್ನೊಂದಕ್ಕೆ ತುಂಬಿದ. ಹಾಗೇ ಮನೆಮನೆಗೂ ಹೋಯಿತು ಅವಳ ಹೆಬ್ಬೆರಳು, ಅವಳಿಗೇ ಗೊತ್ತಿಲ್ಲದೆ.

ಒಂದು ದಿನ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು. “ಸೋತೆ. ಯಾವನೋ ಥೇಟ್ ನನ್ನ ಥರಾನೇ ಆಡಿದ. ಕನ್ನಡಿಗೆ ಗುದ್ದಿದ ಹಾಗಾಯ್ತು.” ಅಂದೇ ಅವನು ಡಬ್ಬಿ ಮಾಡುವುದನ್ನು ಕೈಬಿಟ್ಟ. ಹೇಳಿಬಿಡಬೇಕು ಎಂದುಕೊಂಡ, ಬಾಯಿ ಬರಲಿಲ್ಲ. ಅವಳು ಬರುವುದು ನಿಂತರೆ ವಾರದಲ್ಲಿ ಏನು ಉಳಿಯುತ್ತದೆ ಎಂಬ ಭಯ.

ಈಗ ನೋಡಿ, ತಪ್ಪು ಹುಡುಕಿಕೊಂಡು ಬಂದಿದೆ.

ವೇದಿಕೆಯ ಮೇಲೆ ತೀರ್ಪುಗಾರರು ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದರು. ಎಲ್ಲೋ ವಶಪಡಿಸಿಕೊಂಡ ಒಂದು ಡಬ್ಬಿಯನ್ನು ಅವರು ತಪಾಸಣೆಯ ಕಂಪ್ಯೂಟರಿಗೆ ತೋರಿಸಿದ್ದರು. ಬೆಳಗಿನ ಸೆಮಿಫೈನಲ್‌ನಲ್ಲಿ ಸೂಜಿಯ ಕೈ ಆ ಡಬ್ಬಿಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ಹೇಳಿತ್ತು.

“ನನ್ನ ಕಂಟ್ರೋಲರ್ ಬಿಚ್ಚಿ ನೋಡಿದ್ರಲ್ಲ, ಏನಾದ್ರೂ ಸಿಕ್ತಾ?” ಎನ್ನುತ್ತಿದ್ದಳು ಸೂಜಿ.

“ಈಗ ಸಿಗಲಿಲ್ಲಮ್ಮ. ಬೆಳಿಗ್ಗೆ ಇತ್ತೋ ಏನೋ. ನಿಯಮದ ಪ್ರಕಾರ ಫೈನಲ್ ಆಡೋ ಹಾಗಿಲ್ಲ. ಮುಂದೆ ಎರಡು ವರ್ಷ ಎಲ್ಲೂ ಆಡೋ ಹಾಗಿಲ್ಲ.”

ಮುಂದಿನ ಸಾಲಿನಲ್ಲಿದ್ದ ಅತ್ತಿಗೆ ಕೈಚೀಲ ಹಿಡಿದು ಎದ್ದಳು. “ಇವಳು ಆಡ್ತಾಳೆ ಅಂತ ನಾನು ವರ್ಷಗಟ್ಟಲೆ ಬೈದಿದ್ದೀನಿ. ಬೈಯೋ ಹಕ್ಕು ನಂದು. ಕಳ್ಳಿ ಅನ್ನೋಕೆ ನೀವ್ಯಾರು?”

ಸೂಜಿಯ ಕಣ್ಣು ತುಂಬಿತ್ತು, ಆದರೆ ಒಂದು ಹನಿಯನ್ನೂ ಅವಳು ಕೆಳಗೆ ಬೀಳಗೊಡಲಿಲ್ಲ.

ರಿಪೇರಿಯವನು ಕಾಲಿಗೆ ಬುದ್ಧಿ ಹೇಳಬಹುದಿತ್ತು. ಹಿಂದಿನ ಬಾಗಿಲು ಹತ್ತೇ ಹೆಜ್ಜೆ ದೂರ. ಅವನು ಎದ್ದ, ಆದರೆ ನಡೆದದ್ದು ವೇದಿಕೆಯ ಕಡೆಗೆ. ಬಾಯಿ ತೆರೆದರೆ ಈ ಮೇಜು ಹೋಗುತ್ತದೆ, ಅಂಗಡಿಯ ಮರ್ಯಾದೆ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಅವಳು ಹೋಗುತ್ತಾಳೆ. ಮೀನ ಮೇಷ ಎಣಿಸಿದರೆ ಧೈರ್ಯ ಕೈಕೊಡುತ್ತದೆ ಎಂದು ಬೇಗಬೇಗ ನಡೆದ.

“ಸಾರ್, ಆ ಡಬ್ಬಿ ಮಾಡಿದ್ದು ನಾನು. ಅದು ಇವರನ್ನ ನಕಲು ಮಾಡ್ತಿದೆ. ಇವರು ಅದನ್ನಲ್ಲ.”

ಸೂಜಿ ನಿಧಾನವಾಗಿ ತಿರುಗಿದಳು. ಅಂಥ ನೋಟವನ್ನು ಅವನು ಈ ಜನ್ಮದಲ್ಲಿ ಮರೆಯಲಾರ.

“ಇವರನ್ನ ಉಳಿಸೋಕೆ ಕಥೆ ಕಟ್ತಿದ್ದೀಯಾ?” ಎಂದರು ತೀರ್ಪುಗಾರರು.

“ಗುರುತು ಇದೆ ಸಾರ್. ನಾನು ಕದ್ದ ದಿನ ಇವರ ಹೆಬ್ಬೆರಳಿಗೆ ಗಾಯ ಆಗಿತ್ತು. ಮೂರು ಸಣ್ಣ ಎಳೆತ ಆಗಿ ನಾಲ್ಕನೇದು ಉದ್ದಕ್ಕೆ ಎಳೆಯುವಾಗ ನೋವಿಗೆ ಬೆರಳು ಒಂದು ಚೂರು ಹಿಂದೆ ಸರೀತಿತ್ತು. ಡಬ್ಬಿಗೆ ಅದು ನೋವು ಅಂತ ಏನು ಗೊತ್ತು? ಅದನ್ನೂ ಕಲ್ತುಕೊಂಡಿದೆ. ಒಂದೊಂದು ಡಬ್ಬಿನೂ ಇವತ್ತಿಗೂ ನಾಲ್ಕನೇ ಎಳೆತಕ್ಕೆ ಹಿಂಜರಿಯುತ್ತೆ. ಇವರ ಗಾಯ ಮಾದು ವರ್ಷ ಆಯ್ತು. ಹೊಸ ಕಂಟ್ರೋಲರ್ ಕೊಟ್ಟು ಈಗಲೇ ಆಡಿಸಿ ನೋಡಿ.”

ಸೀಲ್ ಒಡೆಯದ ಕಂಟ್ರೋಲರ್ ಬಂತು. ಸೂಜಿ ಅವನ ಕಡೆ ನೋಡದೆ ಕೂತು ಎರಡು ನಿಮಿಷ ಆಡಿದಳು. ತೀರ್ಪುಗಾರರು ಕನ್ನಡಕವನ್ನು ಮೂಗಿಗಿಳಿಸಿ ಎರಡು ಗೆರೆಗಳನ್ನೂ ದೊಡ್ಡ ಪರದೆಗೆ ಹಾಕಿಸಿದರು. ಎರಡರಲ್ಲೂ ಅದೇ ಮೂರು, ಅದೇ ಒಂದು. ಡಬ್ಬಿಯ ಗೆರೆಯಲ್ಲಿ ಪ್ರತಿ ನಾಲ್ಕನೆಯದರ ಮೇಲೂ ಒಂದು ಸಣ್ಣ ತಗ್ಗು. ಅವಳ ಗೆರೆ ತಗ್ಗಿಲ್ಲದೆ ಹರಿದಿತ್ತು. ಬೆಳಗಿನ ಸೆಮಿಫೈನಲ್ ಗೆರೆಯನ್ನೂ ಹಾಕಿಸಿದರು. ಅದೂ ತಗ್ಗಿಲ್ಲದೆ ಹರಿದಿತ್ತು.

“ಫೈನಲ್ ಆಡಮ್ಮ,” ಎಂದರು ಅವರು. ಆಮೇಲೆ ಇವನ ಕಡೆ ತಿರುಗಿ, “ನೀನು ಹೊರಗೆ. ಇನ್ಮೇಲೆ ಈ ಬಾಗಿಲೊಳಗೆ ಕಾಲಿಡೋ ಹಾಗಿಲ್ಲ.”

ಹೋಗುವಾಗ ಅತ್ತಿಗೆ ಅಡ್ಡ ಬಂದಳು. “ನಿನಗೆ ಮೊದಲು ನಾಲ್ಕು ಬಿಡಬೇಕಾ, ಮೊದಲು ಕೈ ಮುಗೀಬೇಕಾ ಗೊತ್ತಾಗ್ತಿಲ್ಲ ನನಗೆ.” ಎರಡನ್ನೂ ಮಾಡದೆ ಒಂದು ನೀರಿನ ಬಾಟಲಿ ಅವನ ಕೈಗೆ ತುರುಕಿದಳು.

ಹೊರಗೆ ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತ ಅವನು. ಐದು ಸುತ್ತಿನ ಆಟ, ಮೂರು ಗೆದ್ದವರಿಗೆ ಬಹುಮಾನದ ಕಪ್. ಎದುರಾಳಿ ಮೂರು ವರ್ಷದಿಂದ ಚಾಂಪಿಯನ್ ಆಗಿದ್ದವನು. ಮೊದಲ ಸುತ್ತು ಸೂಜಿ ಸೋತಳು. ಎರಡನೆಯದನ್ನೂ ಸೋತಳು. ಅವಳು ಸೋಲುತ್ತಿರುವ ಕಾರಣ ಇವನಿಗೆ ತಿಳಿಯಿತು. ಡಬ್ಬಿ ಇಟ್ಟುಕೊಂಡವರ ಎದುರು ಆಡಿ ಆಡಿ ಚಾಂಪಿಯನ್‌ಗೆ ಆ ಎಣಿಕೆ ಬಾಯಿಪಾಠವಾಗಿತ್ತು. ಮೂರು ಎಣಿಸುತ್ತಾನೆ, ನಾಲ್ಕನೆಯ ಉದ್ದ ಎಳೆತದಲ್ಲಿ ಗುರಿ ಬೇಗ ತಿರುಗದು ಎಂದು ತಿಳಿದು ಸರಿಯಾಗಿ ಆಗಲೇ ಮರೆಯಿಂದ ಹೊರಬಂದು ಹೊಡೆಯುತ್ತಾನೆ. ಕದ್ದದ್ದು ಅವಳ ಕೈ ಮಾತ್ರವಲ್ಲ, ಅವಳ ಗೆಲುವನ್ನೂ ಕದ್ದೆ ಎಂದು ಅವನಿಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತ.

ಒಳಗೆ ಸೂಜಿ ಕಂಟ್ರೋಲರ್ ಕೆಳಗಿಟ್ಟಳು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಎದುರಾಳಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಅವನ ತುಟಿ ಅಲ್ಲಾಡುತ್ತಿತ್ತೇನೋ, ಎಣಿಸುವವರ ತುಟಿಯ ಹಾಗೆ. ಅವಳ ಮುಖದಲ್ಲಿ ನಗು ಬಂತು.

ಮೂರನೆಯ ಸುತ್ತಿಗೆ ಅವಳ ಕೈಯೇ ಬೇರೆ. ಉದ್ದ ಎಳೆತ ಮೊದಲೇ ಬಂತು. ಆಮೇಲೆ ಐದು ಸಣ್ಣವು. ಆಮೇಲೆ ಎರಡು. ಹತ್ತು ವರ್ಷದ ಅಭ್ಯಾಸವನ್ನು ಹಳೆ ಹೊಲಿಗೆ ಬಿಚ್ಚಿದಂತೆ ಬಿಚ್ಚಿ ಎಸೆದಿದ್ದಳು. ಚಾಂಪಿಯನ್ ಮೂರು ಎಣಿಸಿ ಹೊರಬಂದ, ಸತ್ತ. ನಾಲ್ಕು ಎಣಿಸಿ ಬಂದ, ಸತ್ತ. ಎಣಿಸುವುದನ್ನೇ ಬಿಟ್ಟು ಬಂದ, ಆಗಲೂ ಸತ್ತ. ಉಳಿದ ಮೂರು ಸುತ್ತೂ ಸಾಲಾಗಿ ಅವಳದಾದವು. ಸಭಾಂಗಣವೆಲ್ಲ ಎದ್ದು ನಿಂತಿತು. ಆಟದ ತಲೆಬುಡ ಗೊತ್ತಿಲ್ಲದ ಅತ್ತಿಗೆ ಪಕ್ಕದವರನ್ನೆಲ್ಲ ಹಿಡಿದು “ನನ್ನ ನಾದಿನಿ, ನನ್ನ ನಾದಿನಿ” ಎನ್ನುತ್ತಿದ್ದಳು.

ಗಾಜಿನ ಆಚೆ ನಿಂತವನು ಅಷ್ಟು ಜೋರಾಗಿ ಚಪ್ಪಾಳೆ ಹೊಡೆದ ಎಂದರೆ ಕಾವಲಿನವನು ಬಂದು ಗದರಿಸಿದ.

ಸಂಜೆ ಬಿಸಿಲಿನಲ್ಲಿ ಅವಳು ಗೆದ್ದ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅತ್ತಿಗೆ, ಏನೂ ಕೇಳಿಸದವಳಂತೆ.

“ಒಂದು ವರ್ಷ ಪೂರ್ತಿ ನನ್ನ ಕೈ ಕದ್ದಿಟ್ಕೊಂಡು ನನ್ನೆದುರೇ ನಗ್ತಿದ್ರಲ್ಲ.”

“ಹೌದು.”

“ಒಂದು ದಿನನಾದ್ರೂ ಹೇಳ್ಬೇಕು ಅನ್ನಿಸಲಿಲ್ವಾ?”

“ದಿನಾ ಅನ್ನಿಸ್ತು. ಹೇಳಿದ್ರೆ ನೀವು ಬರಲ್ಲ ಅಂತ ಹೆದರಿದೆ. ನೀವಂದ್ರೆ ನನಗೆ ಅಷ್ಟು ಇಷ್ಟ. ಇದು ಸಬೂಬು ಅಲ್ಲ. ಇವತ್ತು ಎಲ್ಲಾ ಬಾಯಿಬಿಟ್ಟಾಗ ಇದೊಂದು ಬಾಕಿ ಉಳಿದಿತ್ತು.”

ಅವಳು ಅವನ ಊದಿದ ಕಣ್ಣುಗಳನ್ನು ನೋಡಿದಳು. ಅವಳ ಸಿಟ್ಟು ಇಳಿಯುತ್ತಿರುವುದು ಅವನಿಗೆ ಕಾಣಿಸಿತು, ಇಳಿಯಬಾರದು ಎಂದು ಅವಳು ಹುಬ್ಬು ಗಂಟಿಕ್ಕಿ ತಡೆಯುತ್ತಿರುವುದೂ ಕಾಣಿಸಿತು.

“ಇದೊಂದನ್ನ ಮೊದಲ ದಿನಾನೇ ಹೇಳಿದ್ರೆ,” ಎಂದಳು, “ಬ್ಯಾಂಡೇಜ್ ಕೈಲೇ ಹೂಂ ಅಂದಿರ್ತಿದ್ದೆ.”

“ಈಗ?”

“ಈಗ ಮೊದಲು ಡಬ್ಬಿಗಳು ವಾಪಸ್ ಬರ್ಬೇಕು. ಒಂದೂ ಬಿಡೋ ಹಾಗಿಲ್ಲ. ಯಾರ್ಯಾರ ಮನೇಲಿದೆ ಗೊತ್ತಾ?”

“ಎಲ್ಲಾ ಗೊತ್ತು. ನಾಳೆಯಿಂದ ಹೋಗ್ತೀನಿ.”

“ನಾಳೆ ಯಾಕೆ? ಒಬ್ಬರೇ ಹೋದ್ರೆ ಒದೆ ತಿಂದ್ಕೊಂಡು ಬರ್ತೀರಿ. ನಡೀರಿ, ನಾನೂ ಬರ್ತೀನಿ.”

“ಊಟದ ಹೊತ್ತಿಗೆ ಇಬ್ಬರೂ ಮನೇಲಿರ್ಬೇಕು,” ಎಂದಳು ಏನೂ ಕೇಳಿಸದ ಅತ್ತಿಗೆ.

ಮೊದಲ ಮನೆ ಎರಡು ಬೀದಿ ಆಚೆ. ಗಡ್ಡದವನೊಬ್ಬ ಕಂಟ್ರೋಲರ್ ಹಿಡಿದುಕೊಂಡೇ ಬಾಗಿಲು ತೆರೆದ. ವಿಷಯ ಕೇಳಿ ಮುಖ ಗಂಟು ಹಾಕಿದ. “ಚೆನ್ನಾಗಿ ಕೆಲಸ ಮಾಡ್ತಿದೆ. ನಾನ್ಯಾಕೆ ವಾಪಸ್ ಕೊಡ್ಲಿ?”

“ಅದರಲ್ಲಿರೋದು ನನ್ನ ಹೆಬ್ಬೆರಳು,” ಎಂದಳು ಸೂಜಿ. “ನನಗೆ ಬೇಕು.”

ಅವನು ಅವಳನ್ನು ನೋಡಿದ, ಕಂಕುಳಲ್ಲಿದ್ದ ಕಪ್ಪನ್ನು ನೋಡಿದ. ಒಳಗೆ ಹೋಗಿ ಡಬ್ಬಿ ಕಿತ್ತು ತಂದು ಬಾಯಿ ಮುಚ್ಚಿಕೊಂಡು ಕೊಟ್ಟ. ಸೂಜಿ ಅದನ್ನು ಕಪ್ಪಿನೊಳಗೆ ಹಾಕಿಕೊಂಡಳು.

ಮೆಟ್ಟಿಲಿಳಿಯುವಾಗ ಅವಳ ಬಲಗೈ ಬಂದು ಅವನ ಕೈ ಹಿಡಿಯಿತು. ಪರದೆಯ ಮೇಲೆ ಎಷ್ಟು ಸಲ ನೋಡಿದ್ದರೂ ಆ ಕೈ ಇಷ್ಟು ಬೆಚ್ಚಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಇನ್ನೆಷ್ಟು ಮನೆ ಇವೆ?”

“ಮೂವತ್ತೊಂದು.”

“ಹಾಗಿದ್ರೆ ದಿನಾ ಸಂಜೆ ಸುತ್ತಬೇಕಾಗುತ್ತೆ,” ಎಂದಳು, ಕೈ ಬಿಡದೆ. ಅವಳ ದನಿಯಲ್ಲಿ ಒಂದು ಚೂರೂ ಬೇಸರವಿರಲಿಲ್ಲ.

ಅಷ್ಟೊಂದು ಮಾರಿದ್ದಕ್ಕೆ ಅವನು ಖುಷಿಪಡಬಾರದಿತ್ತು. ಪಟ್ಟ.