ಕಾರಣದ ಕಾಲಂ

ಹದಿನೇಳನೆಯ ಬೇಡಿಕೆ ಬಂದದ್ದು ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದ ಮೇಲೆ.

ಶ್ರೀವಾಣಿ ಅಷ್ಟರಲ್ಲಿ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ, ಕೊಡೆಯನ್ನು ಕಂಕುಳಿಗೆ ಸೇರಿಸಿ, ಒಂದು ಕಾಲನ್ನು ಮೆಟ್ಟಿಲ ಕೆಳಗೆ ಇಟ್ಟಾಗಿತ್ತು.

"ಮೇಡಂ, ಇನ್ನೊಂದುಂಟು," ಎಂದ ಗೌರೀಶಂಕರ.

"ಈಗಾ?"

"ಈಗ ನೆನಪಾದದ್ದು. ರೋಗಿಯ ಮನೆಯಲ್ಲಿ ನಾಯಿ ಉಂಟಾ ಇಲ್ವಾ ಅಂತ ಕಂಪ್ಯೂಟರ್ ಹೇಳ್ಬೇಕು."

"ನಾಯಿಯಾ?"

"ಹೌದು. ಕಚ್ಚುವುದಾ, ಬರೀ ಬೊಗಳುವುದಾ ಅಂತಲೂ ಬೇಕು."

ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಪೆನ್ನಿನ ಮುಚ್ಚಳವನ್ನು ಮಾತ್ರ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ಬೈಯಬೇಕೆಂದು ಬಾಯಿ ತೆರೆದವಳು, "ಬುಧವಾರ ಬಂದು ಬರ್ಕೊಳ್ತೇನೆ," ಎಂದು ಓಡಿ ಬಸ್ಸು ಹತ್ತಿದಳು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಅವಳನ್ನು ಎರಡು ಸಲ ನೋಡಿದ. ಆಗಲೇ ಅವಳಿಗೆ ತಾನು ಒಬ್ಬಳೇ ಕೂತು ನಗುತ್ತಿದ್ದೇನೆಂದು ಗೊತ್ತಾದದ್ದು.

ಶ್ರೀವಾಣಿಯ ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ. ಪ್ರೋಗ್ರಾಂ ಬರೆಯುವವರು ಬೇರೆ. ಇವಳ ಕೆಲಸ ಅದಕ್ಕಿಂತ ಮೊದಲಿನದು: ಜನರ ಎದುರು ಕೂತು ಅವರಿಗೆ ಏನು ಬೇಕೆಂದು ಕೇಳುವುದು, ಕೇಳಿದ್ದನ್ನು ಪಟ್ಟಿ ಮಾಡುವುದು, ಅವರ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಚೌಕ ಮತ್ತು ಬಾಣಗಳಲ್ಲಿ ಬಿಡಿಸುವುದು. ಜನರಿಗೆ ಏನು ಬೇಕೆಂದು ಅವರಿಗಿಂತ ಮೊದಲು ತನಗೆ ತಿಳಿಯುತ್ತದೆ ಎಂಬ ಸಣ್ಣ ಜಂಬವೂ ಅವಳಿಗಿತ್ತು.

ದೇಲಂಪಾಡಿಯ ಪಾಲಿಯೇಟಿವ್ ಘಟಕದವರು ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವವರು. ಅಲ್ಲಿನ ನರ್ಸ್ ಗೌರೀಶಂಕರ. ಯಾರಿಗೆ ಯಾವ ಔಷಧ, ಯಾವ ಮನೆಗೆ ಜೀಪು ಹೋಗುತ್ತದೆ, ಯಾವ ಮನೆಗೆ ನಡೆದೇ ಹೋಗಬೇಕು, ಎಲ್ಲವೂ ಒಂಬತ್ತು ಉದ್ದ ಪುಸ್ತಕಗಳಲ್ಲಿ ಮತ್ತು ಅವನ ತಲೆಯಲ್ಲಿ ಇತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಸಮಿತಿ ತೀರ್ಮಾನಿಸಿದಾಗ ಶ್ರೀವಾಣಿ ಬಂದಳು. ಮೂರು ಭೇಟಿ ಸಾಕೆಂದು ಅವಳೇ ಬರೆದುಕೊಟ್ಟಿದ್ದಳು. ಈಗ ಒಂಬತ್ತು ಬುಧವಾರ ಆಗಿತ್ತು.

ಊರಿಗೆಲ್ಲ ಅವನು 'ಬ್ರದರ್'. ಗಂಡು ನರ್ಸನ್ನು ಹಾಗೆ ಕರೆಯುವುದು ಎಲ್ಲ ಕಡೆಯ ಕ್ರಮ. ಜೀಪಿನ ವಾಸಪ್ಪ, ಸಮಿತಿಯ ಅಧ್ಯಕ್ಷರು, ಎಪ್ಪತ್ತರ ಮುದುಕಿಯರು, ಎಲ್ಲರ ಬಾಯಲ್ಲೂ ಬ್ರದರ್. ಶ್ರೀವಾಣಿ ಮಾತ್ರ ಮೊದಲ ದಿನದಿಂದಲೇ ಆ ಮಾತನ್ನು ತಪ್ಪಿಸಿಕೊಂಡು ಬಂದಿದ್ದಳು. ಎರಡನೆಯ ಬುಧವಾರ ಅವನು ಅದನ್ನು ಗಮನಿಸಿದ.

"ಎಲ್ಲರೂ ಬ್ರದರ್ ಅಂತಾರೆ. ನೀವೆಂತ ಏನೂ ಕರೆಯುವುದಿಲ್ಲ?"

"ಅಗತ್ಯ ಬಿದ್ದಿಲ್ಲ," ಎಂದು ಅವಳು ಕಾಗದದ ಮೇಲೆ ಇಲ್ಲದ ಬಾಣವೊಂದನ್ನು ತಿದ್ದಿದ್ದಳು.

ಅವನು ಮಾತಾಡುವಾಗ ಅವಳ ಮುಖ ನೋಡುತ್ತಿರಲಿಲ್ಲ, ಅವಳ ಕಾಗದ ನೋಡುತ್ತಿದ್ದ. ಅವಳು ಬರೆಯಲು ತಲೆ ಬಗ್ಗಿಸಿದ ಕೂಡಲೇ ನೋಟ ಮೇಲೇರುತ್ತಿತ್ತು. ಬೈತಲೆಯ ಮೇಲೆ ಅದು ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಥಟ್ಟನೆ ತಲೆ ಎತ್ತಿದರೆ ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಮುಳುಗಿರುತ್ತಿದ್ದ. ಆ ಕ್ಯಾಲೆಂಡರ್ ಹೋದ ವರ್ಷದ್ದು.

ಗುರುವಾರ ಮ್ಯಾನೇಜರ್ ರಮ್ಯಶ್ರೀ ಅವಳನ್ನು ಒಳಗೆ ಕರೆದರು.

"ಇದು ಎಂತ ಕಥೆ ಶ್ರೀವಾಣಿ? ಅಕ್ಷರ ದೊಡ್ಡದು ಬೇಕು, ಪರದೆ ಹಸಿರು ಬೇಕು, ಮುಂದಿನ ವಾರ ಹಸಿರು ಬೇಡ ನೀಲಿ. ಈಗ ನಾಯಿ! ಶನಿವಾರದೊಳಗೆ ಪಟ್ಟಿಗೆ ಅವರ ಸೈನ್ ತೆಗೊಂಡು ಬಾ. ಇಲ್ಲದಿದ್ರೆ ಸೋಮವಾರ ಕೇಶವಪ್ರಸಾದ ಹೋಗ್ತಾನೆ. ಅವನು ಒಂದೇ ಸಲಕ್ಕೆ ಮುಗಿಸಿ ಬರುವವ."

ಲೆಕ್ಕ ಸರಳವಾಗಿತ್ತು. ಸೈನ್ ಸಿಕ್ಕಿದರೆ ಆ ಊರಿಗೆ ಹೋಗಲು ಕಾರಣವಿಲ್ಲ. ಸಿಗದಿದ್ದರೆ ಹೋಗುವವನು ಕೇಶವಪ್ರಸಾದ. ಹೇಗಿದ್ದರೂ ಅವಳ ಬುಧವಾರಗಳು ಮುಗಿದ ಹಾಗೆಯೇ.

ಶುಕ್ರವಾರ ಇಡೀ ದಿನ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದಳು. ಪಟ್ಟಿ ತೆರೆದಳು, ಮುಚ್ಚಿದಳು. ಅವನಿಗೆ ತನ್ನ ಕೆಲಸದ ಮೇಲೆ ನಂಬಿಕೆಯಿಲ್ಲವೇ? ಬೇಕೆಂದೇ ಸತಾಯಿಸುತ್ತಿದ್ದಾನೆಯೇ? ಅಥವಾ… ಈ ಮೂರನೆಯದನ್ನು ಅವಳು ಪೂರ್ತಿ ಯೋಚಿಸಲು ಹೆದರಿದಳು. ತಪ್ಪಾದರೆ ಆಮೇಲೆ ಮುಖ ಎಲ್ಲಿಡುವುದು? ಹನ್ನೊಂದನೆಯ ಬೇಡಿಕೆಗೆ ಬಂದಾಗ ಸಿಟ್ಟೇ ಬಂತು. ಸ್ವಯಂಸೇವಕರ ಪಟ್ಟಿಯಲ್ಲಿ ಹೆಂಗಸರು ಯಾರೆಂದು ಬೇರೆಯಾಗಿ ತೋರಿಸಬೇಕಂತೆ! ಯಾಕಂತೆ? 'ಅಗತ್ಯವಿಲ್ಲ' ಎಂದು ಬರೆದು ಅದನ್ನು ಹೊಡೆದುಹಾಕಿದಳು.

"ಆ ಲೋಟವನ್ನು ಮೂರು ಸಲ ತೊಳೆದಾಯ್ತು, ಇನ್ನು ಬಿಡು ಮಗಾ," ಎಂದರು ರಾತ್ರಿ ಮನೆಯಲ್ಲಿ ಅಮ್ಮ.

ಶನಿವಾರ ಮಂಜೇಶ್ವರದಿಂದ ರೈಲು, ಕಾಸರಗೋಡಿನಿಂದ ಬಸ್ಸು. ಅವಳು ಇಳಿಯುವಾಗ ಗೌರೀಶಂಕರ ಜೀಪಿಗೆ ಔಷಧದ ಪೆಟ್ಟಿಗೆ ಏರಿಸುತ್ತಿದ್ದ. ಬುಧವಾರವಲ್ಲದ ದಿನ ಅವಳನ್ನು ಕಂಡು ಅವನ ಮುಖ ಅರಳಿತು. ಅವಳ ಕೈಯಲ್ಲಿದ್ದ ಕಡತ ಕಂಡು ಅಷ್ಟೇ ಬೇಗ ಬಾಡಿತು.

"ನನಗೆ ಇವತ್ತು ಸೈನ್ ಬೇಕು," ಎಂದಳು. "ಇಲ್ಲದಿದ್ರೆ ಸೋಮವಾರದಿಂದ ಬೇರೆಯವರು ಬರ್ತಾರೆ."

ಅವನು ಪೆಟ್ಟಿಗೆಯ ಹಗ್ಗ ಬಿಗಿದ. ಬಿಗಿದದ್ದನ್ನೇ ಇನ್ನೊಮ್ಮೆ ಬಿಗಿದ.

"ಹಾಗಾ?" ಎಂದ. "ಈಗ ಮನೆಗಳಿಗೆ ಹೋಗ್ಲಿಕ್ಕುಂಟು. ಬಂದು ಹಾಕ್ತೇನೆ. ನೀವು ಬರುವುದಾದ್ರೆ ಬನ್ನಿ. ಒಂಬತ್ತು ವಾರ ಆಫೀಸಿನಲ್ಲೇ ಕೂತು ಕೇಳಿದ್ರಿ, ಒಮ್ಮೆ ನೋಡಿದ ಹಾಗೂ ಆಗ್ತದೆ."

ಮಾತು ಚುರುಕ್ಕೆಂದಿತು, ಯಾಕೆಂದರೆ ಅದು ನಿಜವಾಗಿತ್ತು. ಅವಳು ಹಿಂದಿನ ಸೀಟಿನಲ್ಲಿ ಕೂತಳು. ವಾಸಪ್ಪ ಜೀಪು ಹೊರಡಿಸಿದ.

ಮೂರನೆಯ ಮನೆಯ ಎದುರು ಜೀಪು ನಿಂತಾಗ ಅವಳು ಮಡಿಲಲ್ಲಿದ್ದ ಚಿತ್ರ ನೋಡಿಕೊಂಡಳು. ಹೆಸರು ನೋಂದಣಿ, ಭೇಟಿ, ಔಷಧ, ಮರಣ. ಕೊನೆಗೆ ದಪ್ಪ ಗೆರೆಯ ಒಂದು ಚೌಕ, 'ಕಡತ ಮುಕ್ತಾಯ'. ಅಲ್ಲಿಂದ ಮುಂದೆ ಬಾಣವಿರಲಿಲ್ಲ.

"ಇದು ಕುಂಞಮ್ಮದ್ ಅವರ ಮನೆ ಅಲ್ವಾ? ಅವರು ತೀರಿಕೊಂಡರಲ್ಲ?"

"ಹೌದು. ಇಪ್ಪತ್ತೆರಡು ದಿನ ಆಯ್ತು."

"ಮತ್ತೆ ಯಾಕೆ ಬಂದದ್ದು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಉಮ್ಮ ಇದ್ದಾರಲ್ಲ," ಎಂದು ಇಳಿದುಬಿಟ್ಟ.

ಅವನು ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತು, ಅರ್ಧ ಮುಚ್ಚಿದ ಬಾಗಿಲಿನ ಕಡೆಗೆ ಮಾತಾಡಿದ. "ಉಮ್ಮಾ, ನಿದ್ದೆ ಬರ್ತದಾ? ಮಾತ್ರೆ ತೆಗೊಳ್ತೀರಾ?" ಬಾಗಿಲಿನ ಹಿಂದಿನಿಂದ ರುಖಿಯಾ ಉಮ್ಮನ ಸಣ್ಣ ದನಿ ಉತ್ತರಿಸಿತು. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಎದುರು ಬರುವ ಕ್ರಮ ಅವರಲ್ಲಿಲ್ಲ.

ಗೌರೀಶಂಕರ ಬಿ.ಪಿ. ನೋಡುವ ಸಣ್ಣ ಮೆಷಿನನ್ನು ಶ್ರೀವಾಣಿಯ ಕೈಗೆ ಕೊಟ್ಟ. "ಒಳಗೆ ತೆಗೊಂಡು ಹೋಗ್ತೀರಾ? ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ್ರೆ ಸಾಕು. ಹೋದ ವಾರ ನಾವು ಗಂಡಸರೇ ಬಂದದ್ದು. ನೋಡ್ಲಿಕ್ಕೇ ಆಗಿಲ್ಲ. ಯಾವ ದಿನಕ್ಕೆ ಯಾವ ಹೆಂಗಸರು ಸಿಗ್ತಾರೆ ಅಂತ ಪುಸ್ತಕದಲ್ಲಿ ಹುಡುಕುವಷ್ಟರಲ್ಲಿ ದಿನವೇ ಹೋಗ್ತದೆ."

ಹನ್ನೊಂದನೆಯ ಬೇಡಿಕೆ! ಶ್ರೀವಾಣಿಯ ಕಿವಿಯ ತುದಿಯವರೆಗೆ ಬಿಸಿಯೇರಿತು. ತನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡು ಒಳಗೆ ಹೋದಳು.

ಉಮ್ಮ ಚಾಪೆಯಲ್ಲಿ ಕೂತಿದ್ದರು. ಪಟ್ಟಿ ಸುತ್ತಿಸಿಕೊಳ್ಳುತ್ತ ಅವಳ ಮುಖವನ್ನೇ ನೋಡಿದರು.

"ಬುಧವಾರದ ಮೋಳಾ ನೀನು, ಬುಧವಾರ ಬರುವ ಮಗಳು?"

"ಎಂತ ಉಮ್ಮ?"

"ನಮ್ಮವರು ಇದ್ದಾಗ ಬ್ರದರ್ ಇಲ್ಲಿಗೆ ಬುಧವಾರ ಬರ್ತಿದ್ದದ್ದು. ಮತ್ತೆ ಮಂಗಳವಾರ ಆಯ್ತು. ಯಾಕೆ ಅಂತ ನಮ್ಮವರು ಕೇಳಿದ್ದಕ್ಕೆ, ಮಂಗಳೂರಿನಿಂದ ಮೇಡಂ ಬರ್ತಾರೆ, ಬರೆಸ್ಲಿಕ್ಕುಂಟು ಅಂತ ಹೇಳಿದ. ಹೇಳುವಾಗ ಮುಖ ನೋಡ್ಬೇಕಿತ್ತು!" ಉಮ್ಮ ಬಾಗಿಲಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನಮ್ಮವರು ಹಾಸಿಗೆಯಲ್ಲೇ ನಕ್ಕುಬಿಟ್ರು. ಅವರು ನಗದೆ ತುಂಬ ದಿನ ಆಗಿತ್ತು ಮೋಳೇ."

ಮೆಷಿನು ಕುಂಯ್ ಎಂದಿತು. ಉಮ್ಮನ ಬಿ.ಪಿ. ಸರಿಯಾಗಿತ್ತು. ತನ್ನದನ್ನು ನೋಡಿಕೊಳ್ಳುವ ಧೈರ್ಯ ಶ್ರೀವಾಣಿಗೆ ಬರಲಿಲ್ಲ.

ಉಳಿದ ನಾಲ್ಕು ಮನೆಗಳಲ್ಲಿ ಅವಳು ನೋಡಿದಳು, ಸುಮ್ಮನೆ ನೋಡಿದಳು. ಹುಣ್ಣು ತೊಳೆಯುವ ಅವನ ಬೆರಳುಗಳನ್ನು, ನೋವಿನಲ್ಲಿ ಬೈಯುವವರ ಬೈಗಳನ್ನು ಅವನು ನಗುತ್ತ ಹೊತ್ತುಕೊಳ್ಳುವುದನ್ನು. ಅವಳಿಗೆ ಈ ಮನುಷ್ಯ ಬೇಕಾಗಿತ್ತು. ಇಷ್ಟು ಸ್ಪಷ್ಟವಾದ ಬೇಡಿಕೆಯನ್ನು ಅವಳು ಈವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ.

ಮೂರೂವರೆಗೆ ಆಫೀಸಿಗೆ ಮರಳಿದರು. ಅವಳು ಕಡತ ಬಿಚ್ಚಿ ಹನ್ನೊಂದನೆಯದರ ಮುಂದೆ 'ಕಡ್ಡಾಯ' ಎಂದು ಬರೆದಳು. ಆಮೇಲೆ ಚಿತ್ರದಲ್ಲಿ 'ಕಡತ ಮುಕ್ತಾಯ'ದ ದಪ್ಪ ಚೌಕದಿಂದ ಹೊರಗೊಂದು ಬಾಣ ಎಳೆದು, ಹೊಸ ಚೌಕ ಬಿಡಿಸಿ, ಅದರೊಳಗೆ 'ಮನೆಗೆ ಭೇಟಿ' ಎಂದು ಬರೆದಳು.

"ಎಷ್ಟು ಸಲ ಹೋಗ್ತೀರಿ?"

"ನಲ್ವತ್ತು ದಿನದೊಳಗೆ ಒಂದು ಸಲವಾದ್ರೂ. ಬೇಕು ಅಂತ ಕಂಡ್ರೆ ಮತ್ತೆಯೂ."

"ಇದನ್ನು ಒಂಬತ್ತು ವಾರದಲ್ಲಿ ಒಮ್ಮೆಯೂ ಹೇಳ್ಲಿಲ್ಲ ನೀವು."

"ಅದು ಕೆಲಸ ಅಂತ ಅನಿಸಿಯೇ ಇಲ್ಲ ಮಾರಾಯ್ರೆ. ಊಟ ಆದ ಮೇಲೆ ಕೈ ತೊಳೀತೇನೆ ಅಂತ ಯಾರಾದ್ರೂ ಹೇಳ್ತಾರಾ?"

"ಇದನ್ನು ಹೇಳ್ಲಿಲ್ಲ. ನಾಯಿಯದ್ದು ಹೇಳಿದ್ರಿ."

ಅವನು ಕ್ಯಾಲೆಂಡರಿನ ಕಡೆ ತಿರುಗಿದ. ಅವಳು ಬಿಡಲಿಲ್ಲ. ಬೇಡಿಕೆಗಳ ಪಟ್ಟಿಯನ್ನು ಅವನ ಮುಂದೆ ಸರಿಸಿದಳು. ಸಂಖ್ಯೆ, ಬೇಡಿಕೆ, ಹೇಳಿದವರು, ಕಾರಣ. ಹನ್ನೆರಡರಿಂದ ಹದಿನೇಳರವರೆಗೆ ಕಾರಣದ ಕಾಲಂ ಖಾಲಿ.

"ಕಾರಣ ಇಲ್ಲದ ಬೇಡಿಕೆ ಇಟ್ಕೊಳ್ಳುವ ಕ್ರಮ ನಮ್ಮಲ್ಲಿಲ್ಲ," ಎಂದಳು. "ಇದನ್ನು ತುಂಬಿಸಿ. ಆಮೇಲೆ ಸೈನ್."

"ಬಸ್ಸು?"

"ನಾಲ್ಕು ಹತ್ತಕ್ಕೆ. ಇನ್ನೂ ಹೊತ್ತುಂಟು."

ಅವಳು ಕಿಟಕಿಯ ಬಳಿ ಹೋಗಿ ಬೆನ್ನು ಹಾಕಿ ನಿಂತಳು. ಹೊರಗೆ ವಾಸಪ್ಪ ಜೀಪಿನ ಗಾಜು ಒರೆಸುತ್ತಿದ್ದ. ಹಿಂದೆ ಪೆನ್ನಿನ ಮುಚ್ಚಳ ಟಕ್ ಎಂದಿತು, ಮತ್ತೆ ಟಕ್ ಎಂದಿತು. ಆಮೇಲೆ ಸದ್ದೇ ಇಲ್ಲ. ಯಾಕಾದರೂ ಕೇಳಿದೆನೋ ಎನಿಸಿತು. 'ಕಣ್ಣಿಗೆ ತಂಪು' ಎಂದು ಬರೆದುಬಿಟ್ಟರೆ? ಪರದೆ ನೀಲಿಯಾಗಲು ಅದೂ ಕಾರಣವೇ ತಾನೇ? ವಾಸಪ್ಪ ಒಂದೇ ಗಾಜನ್ನು ಎಷ್ಟು ಹೊತ್ತು ಒರೆಸುತ್ತಾನೆ!

"ಆಯ್ತು," ಎಂದಿತು ಹಿಂದಿನ ದನಿ.

ಹನ್ನೆರಡು, ಅಕ್ಷರ ದೊಡ್ಡದಾಗಬೇಕು. ಕಾರಣ: 'ನೀವು ಮುಂದಿನ ಬುಧವಾರವೂ ಬರಲಿ ಎಂದು.' ಹದಿಮೂರು, ಅದೇ. ಹದಿನಾಲ್ಕು, ಅದೇ. ರೋಗಿಗಳ ಪುಸ್ತಕದಲ್ಲಿ ಬರೆಯುವಂತೆಯೇ ನೀಟಾಗಿ ಒಂದರ ಕೆಳಗೊಂದು 'ಅದೇ'. ಹದಿನೇಳಕ್ಕೆ ಮಾತ್ರ ಎರಡು ಸಾಲು: 'ನಾಯಿಯ ಕಷ್ಟ ನಿಜ, ಎರಡು ಸಲ ಕಚ್ಚಿಸಿಕೊಂಡಿದ್ದೇನೆ. ಆದರೆ ಅವತ್ತು ಹೇಳಿದ್ದು ಬಸ್ಸು ಬಂತೆಂದು.'

ಅದರ ಕೆಳಗೆ ಅವನ ಸಹಿ, ದಿನಾಂಕ.

"ಸೈನ್ ಹಾಕಿದ್ದೇನೆ," ಎಂದ ಅವನು. ಈ ಸಲ ಕಾಗದವನ್ನಲ್ಲ, ಅವಳನ್ನೇ ನೋಡುತ್ತಿದ್ದ. "ಕಾರಣ ಓದಿ ನಿಮಗೆ ಬೇಸರ ಆದ್ರೂ ನಿಮ್ಮ ಕೆಲಸಕ್ಕೆ ತೊಂದರೆ ಆಗ್ಬಾರ್ದು."

ಶ್ರೀವಾಣಿ ಆ ಸಹಿಯನ್ನು ಇನ್ನೊಮ್ಮೆ ನೋಡಿದಳು. ಒಂಬತ್ತು ವಾರ ಕೊಡದೆ ಹಿಡಿದಿಟ್ಟದ್ದನ್ನು ಅವನು ಅವಳಿಗಾಗಿಯೇ ಕೊಟ್ಟುಬಿಟ್ಟಿದ್ದ.

"ನೆಟ್‌ವರ್ಕ್ ಸಿಗದ ಮನೆಗಳು ಎಷ್ಟು ಅಂತ ನಾನು ನಿಮ್ಮನ್ನು ಎಷ್ಟು ಸಲ ಕೇಳಿದ್ದೇನೆ?" ಎಂದಳು.

"ನಾಲ್ಕು."

"ಮೊದಲ ಸಲವೇ ಬರ್ಕೊಂಡಿದ್ದೆ."

"ಗೊತ್ತುಂಟು. ನಾನು ನೋಡಿದ್ದೆ."

"ಮತ್ತೆ ಯಾಕೆ ಪ್ರತಿ ಸಲ ಉತ್ತರ ಹೇಳಿದ್ರಿ?"

"ಹೇಳಿದ್ರೆ ನೀವು ತಲೆ ಬಗ್ಗಿಸಿ ಬರೀತೀರಿ. ಅಷ್ಟು ಹೊತ್ತು ನಿಮ್ಮನ್ನು ನೋಡ್ಬಹುದಿತ್ತು."

ಅವಳು ನಕ್ಕಳು, ಕಣ್ಣು ಒದ್ದೆಯಾಯಿತು. ಎರಡನ್ನೂ ಮುಚ್ಚಿಡಲು ಹೋಗಲಿಲ್ಲ. ತಿರುವಿನಲ್ಲಿ ಹಾರ್ನ್ ಕೇಳಿಸಿತು. ಅವನು ಅವಳ ಚೀಲವನ್ನು ಎತ್ತಿ ಕೊಟ್ಟ. ಬೆರಳು ಬೆರಳಿಗೆ ತಾಗಿತು, ಯಾರೂ ಕೈ ಹಿಂದೆಗೆಯಲಿಲ್ಲ.

"ಅಂತೂ ಕಡತ ಮುಕ್ತಾಯ," ಎಂದ ಅವನು ಮೆಲ್ಲನೆ.

ಶ್ರೀವಾಣಿ ತಾನು ಈಗಷ್ಟೇ ಎಳೆದ ಬಾಣದ ಮೇಲೆ ಬೆರಳಿಟ್ಟಳು. "ಮುಕ್ತಾಯ ಆದ ಮೇಲೂ ಮನೆಗೆ ಒಂದು ಭೇಟಿ ಉಂಟಲ್ಲ. ನೀವೇ ಹೇಳಿದ್ದು."

"ಯಾರ ಮನೆಗೆ?"

"ಮಂಜೇಶ್ವರಕ್ಕೆ. ಸ್ಟೇಷನ್ನಿನಿಂದ ನಡೆದು ಹತ್ತು ನಿಮಿಷ. ನಾಳೆ ಆದಿತ್ಯವಾರ. ಅಪ್ಪ, ಅಮ್ಮ ಇಬ್ಬರೂ ಇರ್ತಾರೆ."

ಅವನ ಕೈಯಿಂದ ಪೆನ್ನಿನ ಮುಚ್ಚಳ ಜಾರಿ ಮೇಜಿನಡಿಗೆ ಉರುಳಿತು. "ಅವರು ಯಾಕೆ ಬಂದದ್ದು ಅಂತ ಕೇಳಿದ್ರೆ?"

"ನನಗೆ ನೀವು ಇಷ್ಟ ಅಂತ ನಾನು ಇವತ್ತೇ ಹೇಳಿಡ್ತೇನೆ. ಕಾರಣದ ಕಾಲಂ ನನ್ನದು."

ಹೇಳಿದವಳೇ ಓಡಿದಳು. ಬಸ್ಸು ನಿಂತು ಗುರುಗುಟ್ಟುತ್ತಿತ್ತು. ಅವಳು ಹತ್ತಿ ಕಿಟಕಿಯ ಬಳಿ ಕೂತು ನೋಡಿದರೆ, ಗೌರೀಶಂಕರ ಚಪ್ಪಲಿ ಮರೆತು ಬರಿಗಾಲಿನಲ್ಲಿ ರಸ್ತೆಯವರೆಗೆ ಬಂದಿದ್ದ.

"ಶ್ರೀವಾಣೀ!" ಎಂದು ಕೂಗಿದ. ಮೇಡಂ ಇರಲಿಲ್ಲ. "ಮನೆಯಲ್ಲಿ ನಾಯಿ ಉಂಟಾ?"

ಬಸ್ಸು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಉಂಟು! ಬರೀ ಬೊಗಳುವುದು!"